ನಡಿಗೆಯ ಲೆಕ್ಕದ ಪುಸ್ತಕ



ನಾನು ಹೈಸ್ಕೂಲಿನಲ್ಲಿದ್ದಾಗ ಇಂಗ್ಲಿಷ್ ಪಾಠದಲ್ಲಿ ಒಂದು ಪದ್ಯವಿತ್ತು. ನಿಮ್ಮಲ್ಲಿಯೂ ಹಲವರು ಅದನ್ನು ಓದಿರಬಹುದು. ವಿಲಿಯಂ ವರ್ಡ್ಸ್‌ವರ್ತ್ ಎಂಬ ಕವಿ ಒಬ್ಬನೇ ಅಲೆಯುತ್ತಿರುವಾಗ ಸರೋವರದ ದಡದಲ್ಲಿ ಹಳದಿ ಹೂಗಳ ದೊಡ್ಡ ಸಮೂಹವನ್ನು ಕಾಣುತ್ತಾನೆ. ಮುಂದೆ ಎಂದೋ ಮನೆಯಲ್ಲಿ ಸುಮ್ಮನೆ ಒರಗಿಕೊಂಡಿರುವಾಗ ಆ ಹೂಗಳು ನೆನಪಿಗೆ ಬಂದು ಮನಸ್ಸು ಹಿಗ್ಗುತ್ತದೆ. ಪದ್ಯ ಇಷ್ಟೇ. 'ಡ್ಯಾಫೊಡಿಲ್ ಅಂದ್ರೆ ಏನು ಸಾರ್?' ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. 'ಅದೊಂದು ಹಳದಿ ಹೂವು ಕಣಯ್ಯಾ, ಬರ್ಕೋ' ಎಂದರು ಮೇಷ್ಟ್ರು. ಪಾಪ, ಅವರೂ ಅದನ್ನು ನೋಡಿರಲಿಲ್ಲ.

ನಮ್ಮದು ರಾಗಿ ಬೆಳೆಯುವ ಸೀಮೆ. ಕಾರ್ತೀಕದ ಹೊತ್ತಿಗೆ ಹೊಲದ ಅಕ್ಕಡಿ ಸಾಲುಗಳಲ್ಲಿ ಹುಚ್ಚೆಳ್ಳು ಹಳದಿಯಾಗಿ ಹೂಬಿಟ್ಟು ಗಾಳಿಗೆ ತೂಗುತ್ತದೆ. ನಾನು ಇಂಗ್ಲೆಂಡಿನ ಆ ಸರೋವರದ ದಡದ ಮೇಲೆ ನಮ್ಮೂರ ಹುಚ್ಚೆಳ್ಳನ್ನು ಬಿತ್ತಿಕೊಂಡು ಪದ್ಯವನ್ನು ಬಾಯಿಪಾಠ ಮಾಡಿದೆ, ಪರೀಕ್ಷೆಯಲ್ಲಿ ಸಾರಾಂಶ ಬರೆದೆ, ಪಾಸಾದೆ. ಆಮೇಲೆ ವಿಜ್ಞಾನ ಓದಿದೆ. ಪದ್ಯ ಮರೆತುಹೋಯಿತು.

ಮತ್ತೆ ಅದು ಎದುರಿಗೆ ಬಂದದ್ದು ಕೆಲವು ವರ್ಷಗಳ ಹಿಂದೆ, ಪ್ರೌಢಶಾಲೆಯ ಮಕ್ಕಳಿಗಾಗಿ ಆ ಪದ್ಯದ ಮೇಲೆ ಹತ್ತು ನಿಮಿಷದ ಕಾರ್ಯಕ್ರಮ ತಯಾರಿಸುವ ಕೆಲಸ ನನ್ನ ಪಾಲಿಗೆ ಬಿದ್ದಾಗ. ಹೂವಿಗೆ ಹುಚ್ಚೆಳ್ಳನ್ನು ತೋರಿಸಿದರೆ ವೀಕ್ಷಕರು ಪತ್ರ ಬರೆದು ಬೈಯುತ್ತಾರೆ. ಹಾಗಾಗಿ ಆ ಹೂವು ಯಾವ ಬಗೆಯದು, ಯಾವ ತಿಂಗಳಲ್ಲಿ ಅರಳುತ್ತದೆ, ಕವಿ ಯಾವ ದಾರಿಯಲ್ಲಿ ನಡೆದ ಎಂದು ಹುಡುಕಲು ಹೊರಟೆ. ಕಾಡು ಡ್ಯಾಫೊಡಿಲ್ ಮೊಣಕಾಲೆತ್ತರಕ್ಕೂ ಬಾರದ ಗಿಡ. ಈರುಳ್ಳಿಯಂತೆ ನೆಲದೊಳಗೆ ಗೆಡ್ಡೆ. ಇಂದಿನ ಸಸ್ಯಶಾಸ್ತ್ರದ ವರ್ಗೀಕರಣದಲ್ಲಿ ಈರುಳ್ಳಿಯ ಕುಟುಂಬದ್ದೇ. ಇದು ತಿಳಿದು ನನಗೆ ಸಂತೋಷವಾಯಿತು, ಕವಿತೆಗೆ ಇದರಿಂದ ಏನೂ ಲಾಭವಿಲ್ಲದಿದ್ದರೂ. ಹೂವಿನ ಹಿಂದೆ ಹೋದವನಿಗೆ ಅಲ್ಲಿ ಸಿಕ್ಕಿದ್ದು ಬೇರೆಯೇ ಒಂದು ಸಂಗತಿ. ಆ ದಿನ ಕವಿ ಒಂಟಿಯಾಗಿರಲಿಲ್ಲ.

ಅವನ ಜೊತೆಯಲ್ಲಿ ತಂಗಿ ಇದ್ದಳು. ಹೆಸರು ಡೊರೊತಿ, ಅಣ್ಣನಿಗಿಂತ ಒಂದೂಮುಕ್ಕಾಲು ವರ್ಷಕ್ಕೆ ಕಿರಿಯಳು. ಇಬ್ಬರೂ ಇಂಗ್ಲೆಂಡಿನ ವಾಯವ್ಯ ಭಾಗದ ಸರೋವರ ಪ್ರಾಂತ್ಯದಲ್ಲಿ, ಗ್ರಾಸ್‌ಮಿಯರ್ ಎಂಬ ಹಳ್ಳಿಯ ಒಂದು ಸಣ್ಣ ಮನೆಯಲ್ಲಿ 1799ರ ಕೊನೆಯಿಂದ ವಾಸವಾಗಿದ್ದರು. ಅವಳು ಒಂದು ದಿನಚರಿ ಬರೆಯುತ್ತಿದ್ದಳು. ಆ ದಿನಚರಿಯಲ್ಲಿ 1802ರ ಏಪ್ರಿಲ್ 15, ಗುರುವಾರದ ಪುಟ ಇದೆ.

ಅಣ್ಣ ತಂಗಿ ಅಲ್ಸ್‌ವಾಟರ್ ಸರೋವರದ ಉತ್ತರ ತುದಿಯಲ್ಲಿದ್ದ ಸ್ನೇಹಿತರ ಮನೆಯಿಂದ ಊರಿಗೆ ಹಿಂತಿರುಗುತ್ತಿದ್ದರು. ಆ ಸ್ನೇಹಿತ ಥಾಮಸ್ ಕ್ಲಾರ್ಕ್‌ಸನ್, ಗುಲಾಮರ ವ್ಯಾಪಾರವನ್ನು ನಿಲ್ಲಿಸಲು ಇಂಗ್ಲೆಂಡಿನಲ್ಲಿ ಹೋರಾಡಿದವನು. ಮಂಜು ಮುಸುಕಿದ ಬೆಳಗು, ಆಮೇಲೆ ಭಾರಿ ಗಾಳಿ. ವಾಪಸು ಹೋಗೋಣವೇ ಎಂದು ಅವರು ಒಮ್ಮೆ ಯೋಚಿಸಿದ್ದೂ ಉಂಟು. ಉಸಿರು ಕಟ್ಟಿಸುವ ಗಾಳಿಯಲ್ಲಿ ಒಂದು ಮುಳ್ಳುಪೊದೆಯ ಮರೆಯಲ್ಲಿ ನಿಂತು ಸುಧಾರಿಸಿಕೊಂಡರು. ಸರೋವರದ ನಡುವೆ ಒಂದು ದೋಣಿ ತಾನೇ ತಾನಾಗಿ ತೇಲುತ್ತಿತ್ತು. ಗೌಬರೊ ಪಾರ್ಕ್ ಎಂಬ ಕಾಡಿನ ಹತ್ತಿರ ನೀರಿನ ಅಂಚಿನಲ್ಲಿ ನಾಲ್ಕಾರು ಡ್ಯಾಫೊಡಿಲ್ ಕಂಡವು. ಎಲ್ಲಿಂದಲೋ ಬೀಜ ತೇಲಿಬಂದು ಈ ಸಣ್ಣ ಸಂಸಾರ ಹೂಡಿರಬೇಕು ಎಂದುಕೊಂಡರು. ಮುಂದೆ ಹೋದಂತೆ ಇನ್ನಷ್ಟು. ಇನ್ನೂ ಮುಂದೆ ಹೋದರೆ, ಮರಗಳ ಕೆಳಗೆ ದಡದುದ್ದಕ್ಕೂ ಒಂದು ಹಳ್ಳಿಯ ರಸ್ತೆಯಷ್ಟು ಅಗಲದ ಹೂವಿನ ಪಟ್ಟಿಯೇ ಇತ್ತು. ಕೆಲವು ಹೂಗಳು ದಣಿದವರಂತೆ ಪಾಚಿಗಲ್ಲಿನ ಮೇಲೆ ತಲೆಯಿಟ್ಟಿದ್ದವು, ಮಿಕ್ಕವು ಗಾಳಿಯೊಡನೆ ಕುಣಿಯುತ್ತಿದ್ದವು ಎಂದು ಡೊರೊತಿ ಬರೆದಿದ್ದಾಳೆ. ಆಮೇಲೆ ಮಳೆ ಬಂತು. ತೊಪ್ಪೆಯಾಗಿ ಪ್ಯಾಟರ್‌ಡೇಲ್ ಎಂಬ ಊರಿನ ಛತ್ರ ಸೇರಿದರು. ಹಂದಿಮಾಂಸ, ಆಲೂಗಡ್ಡೆ, ಬೆಚ್ಚಗಿನ ರಮ್ ಸೇವಿಸಿದರು. ವಿಲಿಯಂ ಅಲ್ಲಿದ್ದ ಹಳೆಯ ಪುಸ್ತಕಗಳಲ್ಲಿ ಒಂದೆರಡನ್ನು ಆರಿಸಿ ತಂದ. ಒಟ್ಟು ಖರ್ಚು ಏಳು ಶಿಲಿಂಗು. ಇದನ್ನೂ ಅವಳು ಬರೆದಿಟ್ಟಿದ್ದಾಳೆ.

ನಾನು ಟೆಲಿವಿಷನ್ ಕೆಲಸದವನು. ಈ ಪುಟ ಓದಿದ ಕೂಡಲೇ ನನಗೆ ಹೊಳೆದದ್ದು, ಇದು ಶಾಟ್‌ಗಳ ಪಟ್ಟಿಯಂತೆ ಇದೆಯಲ್ಲ ಎಂದು. ಮೊದಲು ನಾಲ್ಕು ಹೂವು, ಆಮೇಲೆ ಹತ್ತಾರು, ಕೊನೆಗೆ ದಡದುದ್ದದ ನೋಟ, ಮತ್ತೆ ಹತ್ತಿರ ಹೋಗಿ ಕಲ್ಲಿನ ಮೇಲೆ ಮಲಗಿದ ಒಂದು ಹೂವು. ಕ್ಯಾಮೆರಾದವನ ಕೈಗೆ ಹಾಗೆಯೇ ಕೊಡಬಹುದು. ಪದ್ಯದಲ್ಲಾದರೋ ಎಲ್ಲ ಹೂಗಳೂ ಒಂದೇ ನೋಟಕ್ಕೆ ಸಿಕ್ಕಿಬಿಡುತ್ತವೆ. ಅಲ್ಲಿ ಬಿರುಗಾಳಿ ಇಲ್ಲ, ತಂಗಾಳಿ ಇದೆ. ಮುಳ್ಳುಪೊದೆ ಇಲ್ಲ, ಒದ್ದೆ ಬಟ್ಟೆ ಇಲ್ಲ, ತಂಗಿಯೂ ಇಲ್ಲ. ಕಲ್ಲಿನ ಮೇಲೆ ತಲೆಯಿಟ್ಟ ಹೂಗಳಿಗೂ ಜಾಗ ಸಿಕ್ಕಿಲ್ಲ. ನನಗೇನೋ ಅದು ನಷ್ಟವೆಂದೇ ಅನ್ನಿಸುತ್ತದೆ.

ಹಾಗಾದರೆ ಕವಿ ಸುಳ್ಳು ಹೇಳಿದನೇ? ಕಾಲೇಜಿನ ಹುಡುಗರ ಮುಂದೆ ಒಮ್ಮೆ ಈ ವಿಷಯ ಹೇಳಿದಾಗ ಒಬ್ಬ ಎದ್ದುನಿಂತು ಹೀಗೆಯೇ ಕೇಳಿದ. ಸುಳ್ಳು ಎನ್ನುವುದು ದೊಡ್ಡ ಮಾತು. ನಡಿಗೆ ಆದದ್ದು 1802ರಲ್ಲಿ, ಪದ್ಯ ಬರೆದದ್ದು 1804ರಲ್ಲಿ, ಅಚ್ಚಾದದ್ದು 1807ರಲ್ಲಿ. 1815ರಲ್ಲಿ ಅದಕ್ಕೆ ಇನ್ನೊಂದು ಚರಣ ಸೇರಿತು. ಒಂದು ಮಧ್ಯಾಹ್ನದ ಹೂವು ಪೂರ್ತಿ ಅರಳಲು ಹದಿಮೂರು ವರ್ಷ ಹಿಡಿಯಿತು! ಭಾವ ಉಕ್ಕಿದಾಗಲೇ ಕವಿತೆ ಆಗುವುದಿಲ್ಲ, ಅದು ಶಾಂತವಾದ ಮೇಲೆ ಮರಳಿ ನೆನೆಯುವಾಗ ಆಗುತ್ತದೆ ಎಂಬುದು ವರ್ಡ್ಸ್‌ವರ್ತನದೇ ಸಿದ್ಧಾಂತ. ಹಾಗೆ ನೆನೆಯುವವನು ಒಬ್ಬನೇ ಇರುತ್ತಾನೆ, ಆ ಮಟ್ಟಿಗೆ ಅವನ ಒಂಟಿತನ ನಿಜ. ಆದರೆ ಆ ಒಂಟಿತನವೂ ಪೂರ್ತಿ ಅವನದಲ್ಲ. ಆ ಹೂಗಳು ಮನಸ್ಸಿನ ಒಳಗಣ ಕಣ್ಣಿಗೆ ಹೊಳೆಯುತ್ತವೆ ಎಂಬ ಅರ್ಥದ ಎರಡು ಸಾಲುಗಳಿವೆಯಲ್ಲ, ಪದ್ಯದ ತಿರುಳೇ ಆದ ಸಾಲುಗಳು, ಅವನ್ನು ಕೊಟ್ಟವಳು ಹೆಂಡತಿ ಮೇರಿ. ಕವಿಯೇ ಇದನ್ನು ಒಪ್ಪಿಕೊಂಡಿದ್ದಾನೆ. ಹೂವನ್ನು ಬರೆದಿಟ್ಟವಳು ತಂಗಿ, ಸಾಲು ಕೊಟ್ಟವಳು ಹೆಂಡತಿ, ಒಂಟಿಯಾಗಿ ಅಲೆದವನು ಇವನು!

ನಗುವುದು ಸುಲಭ. ಆದರೆ ಆ ದಿನಚರಿ ಹೇಗೆ ಹುಟ್ಟಿತು ಎಂಬುದನ್ನು ನೀವು ತಿಳಿಯಬೇಕು. 1800ರ ಮೇ 14ರಂದು ವಿಲಿಯಂ ಇನ್ನೊಬ್ಬ ಸಹೋದರ ಜಾನ್‌ನ ಜೊತೆ ಯಾರ್ಕ್‌ಷೈರಿಗೆ ಹೊರಟ. ಬೀಳ್ಕೊಟ್ಟ ಡೊರೊತಿ ಸರೋವರದ ಅಂಚಿನ ಕಲ್ಲಿನ ಮೇಲೆ ಕುಳಿತು ಅತ್ತಳು. ಸಹೋದರರು ಬರುವವರೆಗೆ ದಿನದಿನವೂ ಕಂಡದ್ದನ್ನು ಬರೆದಿಡುತ್ತೇನೆ, ನನ್ನೊಡನೆ ನಾನೇ ಜಗಳವಾಡುವುದು ತಪ್ಪುತ್ತದೆ, ವಿಲಿಯಂಗೂ ಓದಿ ಸಂತೋಷವಾಗುತ್ತದೆ ಎಂದು ನಿಶ್ಚಯಿಸಿದಳು. ಅಂದರೆ, ಸಣ್ಣ ಸಣ್ಣ ಸಂತೋಷಗಳ ಈ ಪುಸ್ತಕ ಆರಂಭವಾದದ್ದು ಒಂದು ಅಳುವಿನಿಂದ. ತಾಯಿ ತೀರಿಕೊಂಡಾಗ ಅವಳಿಗೆ ಆರು ವರ್ಷ. ಆಗಲೇ ಅಣ್ಣತಮ್ಮಂದಿರಿಂದ ದೂರವಾಗಿ ನೆಂಟರ ಮನೆಗಳಲ್ಲಿ ಬೆಳೆದವಳು. ಅವಳಿಗೆ ಅಣ್ಣನ ಜೊತೆಗೊಂದು ಮನೆ ಎನ್ನುವುದು ಎಷ್ಟು ಬೆಲೆಯುಳ್ಳದ್ದಾಗಿತ್ತೆಂದು ಊಹಿಸಿಕೊಳ್ಳಿ. 1803ರ ಜನವರಿಯವರೆಗೆ ಆ ದಿನಚರಿ ನಡೆಯಿತು.

ಅದರಲ್ಲಿ ಏನಿದೆ? ಬಟಾಣಿ ಬಿತ್ತಿದ್ದು, ರೊಟ್ಟಿ ಸುಟ್ಟದ್ದು, ಹಲ್ಲುನೋವು, ಅಣ್ಣನ ಪದ್ಯಗಳನ್ನು ನಕಲು ಮಾಡಿದ್ದು, ಬಾಗಿಲಿಗೆ ಬಂದ ಭಿಕ್ಷುಕರು, ಚಂದ್ರನ ಸುತ್ತಲಿನ ಮೋಡ. ಮತ್ತು ನಡಿಗೆ, ಬಹುಪಾಲು ಪುಟಗಳಲ್ಲಿ ನಡಿಗೆ. ಒಂದು ಬೆಳಗ್ಗೆ, 1802ರ ಮಾರ್ಚ್ ತಿಂಗಳಲ್ಲಿ, ತಿಂಡಿಗೆ ಕುಳಿತಾಗ ಚಿಟ್ಟೆಯ ಮಾತು ಬಂತು. ಚಿಕ್ಕವಳಾಗಿದ್ದಾಗ ನಾನೂ ಚಿಟ್ಟೆಯ ಹಿಂದೆ ಓಡುತ್ತಿದ್ದೆ, ಆದರೆ ರೆಕ್ಕೆಯ ಮೇಲಿನ ಪುಡಿ ಉದುರಿಬಿಟ್ಟೀತೆಂದು ಹಿಡಿಯಲು ಹೆದರುತ್ತಿದ್ದೆ ಎಂದಳು ತಂಗಿ. ಅಣ್ಣ ಮುಂದಿದ್ದ ಗಂಜಿಯನ್ನು ಮುಟ್ಟದೆ, ಕಾಲುಚೀಲವನ್ನೂ ಹಾಕಿಕೊಳ್ಳದೆ, ಅಂಗಿಯ ಗುಂಡಿ ಬಿಚ್ಚಿದಂತೆಯೇ ಕುಳಿತು ಚಿಟ್ಟೆಯ ಮೇಲೆ ಪದ್ಯ ಬರೆದ. ವಿಜ್ಞಾನದ ವಿದ್ಯಾರ್ಥಿಗಳಿಗೆ ಗೊತ್ತಿರುತ್ತದೆ, ಆ ಪುಡಿ ಪುಡಿಯಲ್ಲ. ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂತ ಸೂಕ್ಷ್ಮವಾದ ಹುರುಪೆಗಳು. ಉದುರಿದರೆ ಮತ್ತೆ ಬೆಳೆಯುವುದಿಲ್ಲ. ಆ ಚಿಕ್ಕ ಹುಡುಗಿ ಹೆದರಿದ್ದು ಸರಿಯಾಗಿಯೇ ಇತ್ತು.

ಇನ್ನೊಂದು ಪುಟದಲ್ಲಿ ಒಬ್ಬ ಮುದುಕ ಬರುತ್ತಾನೆ. 1800ರ ಶರತ್ಕಾಲದಲ್ಲಿ ಅಣ್ಣ ತಂಗಿಯರಿಗೆ ದಾರಿಯಲ್ಲಿ ಎದುರಾದವನು. ಬೆನ್ನು ಪೂರ್ತಿ ಬಾಗಿದೆ. ಹತ್ತು ಮಕ್ಕಳ ತಂದೆ, ಒಬ್ಬನ ಹೊರತು ಎಲ್ಲರೂ ಸತ್ತಿದ್ದಾರೆ. ಕೊಳಗಳಲ್ಲಿ ಜಿಗಣೆ ಹಿಡಿದು ಮಾರುವುದು ಅವನ ಕಸುಬು. ರೋಗಿಗಳ ರಕ್ತ ತೆಗೆಯಲು ಆ ಕಾಲದ ವೈದ್ಯರಿಗೆ ಜಿಗಣೆ ಬೇಕಾಗುತ್ತಿತ್ತು. ಮೊದಲು ನೂರು ಜಿಗಣೆಗೆ ಎರಡೂವರೆ ಶಿಲಿಂಗು ಇದ್ದದ್ದು ಈಗ ಮೂವತ್ತು ಶಿಲಿಂಗಾಗಿದೆ ಎಂದು ಡೊರೊತಿ ಬರೆದಿಟ್ಟಳು. ಹನ್ನೆರಡು ಪಟ್ಟು. ಬೆಲೆ ಏರಿದ್ದು ಜಿಗಣೆ ಅಪರೂಪವಾದ್ದರಿಂದ. ಅಪರೂಪವಾದ್ದರಿಂದಲೇ ಮುದುಕನಿಗೆ ಅವು ಸಿಗದೆ ಅವನು ಭಿಕ್ಷೆಗೆ ಇಳಿದಿದ್ದ. ಅರ್ಥಶಾಸ್ತ್ರದ ಒಂದು ಇಡೀ ಪಾಠ ಆ ಒಂದು ಲೆಕ್ಕದಲ್ಲಿದೆ. ಎರಡು ವರ್ಷದ ಮೇಲೆ ಈ ಮುದುಕ ವರ್ಡ್ಸ್‌ವರ್ತನ ಇನ್ನೊಂದು ಪ್ರಸಿದ್ಧ ಕವಿತೆಯಾದ. ಅದರಲ್ಲಿ ಅವನು ಬಯಲಿನ ಕೊಳದ ಪಕ್ಕ ಒಂಟಿಯಾಗಿ ನಿಂತು, ಧೈರ್ಯಗುಂದಿದ ಕವಿಗೆ ಧೈರ್ಯ ತುಂಬುತ್ತಾನೆ. ಜಿಗಣೆಯ ದರ ಮಾತ್ರ ಕವಿತೆಯಲ್ಲಿಲ್ಲ, ದಿನಚರಿಯಲ್ಲಿದೆ.

ಈ ಅಣ್ಣ ತಂಗಿ ಎಷ್ಟು ನಡೆಯುತ್ತಿದ್ದರು? ವರ್ಡ್ಸ್‌ವರ್ತನ ಕಾಲುಗಳು ನೋಡಲು ಚೆನ್ನಾಗಿರಲಿಲ್ಲ ಎಂದು ಹಾಸ್ಯಮಾಡಿದ ಡಿ ಕ್ವಿನ್ಸಿ ಎಂಬ ಲೇಖಕನೇ, ಆ ಕಾಲುಗಳು ಅಷ್ಟು ಹೊತ್ತಿಗೆ ಒಂದು ಲಕ್ಷ ಎಪ್ಪತ್ತೈದು ಸಾವಿರದಿಂದ ಒಂದು ಲಕ್ಷ ಎಂಬತ್ತು ಸಾವಿರ ಮೈಲಿ ನಡೆದಿರಬೇಕು ಎಂದು 1839ರಲ್ಲಿ ಲೆಕ್ಕ ಹಾಕಿದ. ಕಿಲೋಮೀಟರಿನಲ್ಲಿ ಸುಮಾರು 2 ಲಕ್ಷ 85 ಸಾವಿರ. ಭೂಮಿಯ ಸುತ್ತಳತೆ 40 ಸಾವಿರ ಕಿಲೋಮೀಟರು, ಅಂದರೆ ಏಳು ಸುತ್ತು. ಉತ್ಪ್ರೇಕ್ಷೆ ಇರಬಹುದೆಂದು ನಾನೂ ಕಾಗದ ಪೆನ್ಸಿಲು ಹಿಡಿದು ಕೂತೆ. ಆಗ ಕವಿಗೆ ಅರವತ್ತೊಂಬತ್ತು. ಬಾಲ್ಯದ ಒಂಬತ್ತು ವರ್ಷ ಬಿಡಿ. ಅರವತ್ತು ವರ್ಷಕ್ಕೆ ಹಂಚಿದರೆ ದಿನಕ್ಕೆ ಸುಮಾರು 13 ಕಿಲೋಮೀಟರು ಬರುತ್ತದೆ. ಗಾಡಿ ಇಲ್ಲದ ಬಡ ಕವಿಗೆ, ಅಂಚೆ ತರಲೂ ನಡೆದೇ ಹೋಗಬೇಕಾದ ಊರಿನಲ್ಲಿ, ಇದು ಅಸಾಧ್ಯವೇನಲ್ಲ. ಅವನಿಗೆ ನಡಿಗೆಯೇ ಬರವಣಿಗೆಯ ಮೇಜು. ಅವನ ಸ್ನೇಹಿತ ಕೋಲ್‌ರಿಜ್ ಏರುತಗ್ಗಿನ ನೆಲದಲ್ಲಿ, ಪೊದೆಗಳ ನಡುವೆ ನುಗ್ಗುತ್ತ ಪದ್ಯ ಕಟ್ಟುತ್ತಿದ್ದನೆಂದೂ ವರ್ಡ್ಸ್‌ವರ್ತ್ ನೇರವಾದ ಜಲ್ಲಿಹಾದಿಯಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಯುತ್ತ ಕಟ್ಟುತ್ತಿದ್ದನೆಂದೂ ಹ್ಯಾಜ್ಲಿಟ್ ಬರೆದಿದ್ದಾನೆ.

ನಡೆಯುವವನಿಗೆ ಸಣ್ಣ ವಸ್ತುಗಳು ಏಕೆ ಕಾಣುತ್ತವೆ ಎಂಬುದಕ್ಕೆ ನನ್ನ ವೃತ್ತಿಯಲ್ಲಿ ಒಂದು ಸರಳ ಉತ್ತರವಿದೆ. ಒಂದು ಚಿತ್ರ ತೆರೆಯ ಮೇಲೆ ಮೂರು ನಾಲ್ಕು ಸೆಕೆಂಡಾದರೂ ನಿಲ್ಲದಿದ್ದರೆ ನೋಡುವವರು ಅದನ್ನು ಕಂಡಿರುತ್ತಾರೆ, ಗಮನಿಸಿರುವುದಿಲ್ಲ. ರಸ್ತೆಯ ಪಕ್ಕದ ಹೂವೊಂದು ಹತ್ತು ಮೀಟರ್ ದೂರದಿಂದ ನಿಮ್ಮ ಕಣ್ಣಿಗೆ ಬಿತ್ತೆನ್ನಿ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ನಡೆಯುವವನಿಗೆ ಅದನ್ನು ದಾಟಲು ಏಳು ಸೆಕೆಂಡು ಬೇಕು. ಗಂಟೆಗೆ 60 ಕಿಲೋಮೀಟರ್ ಓಡುವ ಬಸ್ಸಿನಲ್ಲಿ ಕುಳಿತವನಿಗೆ ಸಿಗುವುದು ಸೆಕೆಂಡಿನ ಆರು ಹತ್ತನೇ ಭಾಗ. ಬಸ್ಸಿನವನು ಅರಸಿಕನೇನೂ ಅಲ್ಲ, ಅವನ ಶಾಟ್ ಬೇಗ ಕಟ್ ಆಗುತ್ತದೆ ಅಷ್ಟೆ.

ವರ್ಡ್ಸ್‌ವರ್ತನನ್ನು ಓದಿಕೊಂಡು ಬೆಳೆದ ನಮ್ಮ ನವೋದಯದ ಕವಿಗಳಲ್ಲೂ ಈ ನಡಿಗೆ ಉಂಟು. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕುವೆಂಪು ತಿರುಗಾಡುತ್ತಿದ್ದರು. ಅಲ್ಲಿಯ ಆಕಾಶದಲ್ಲಿ ಕಂಡ ಹಕ್ಕಿಸಾಲು ಅವರ ಒಂದು ಹೆಸರಾಂತ ಕವಿತೆಯಾಯಿತು. ಅವರೂ ದಿನಚರಿ ಬರೆದಿಟ್ಟವರೇ. ಆತ್ಮಕಥೆ 'ನೆನಪಿನ ದೋಣಿಯಲ್ಲಿ'ಯನ್ನು ತೆರೆದರೆ ಹಳೆಯ ದಿನಚರಿಯ ಪುಟಗಳು ಸಿಗುತ್ತವೆ.

ಇಷ್ಟೆಲ್ಲ ಓದಿದ ಮೇಲೆ ನನಗೂ ಹುಮ್ಮಸ್ಸು ಬಂತು. ನಲವತ್ತು ಪುಟದ ಒಂದು ನೋಟ್‌ಬುಕ್ ಕೊಂಡೆ. ಮನೆಯಿಂದ ಬಸ್ ನಿಲ್ದಾಣಕ್ಕೆ ಹದಿನೈದು ನಿಮಿಷದ ದಾರಿ. ದಿನಾ ನಡೆಯುವುದು, ಕಂಡದ್ದನ್ನು ಬರೆಯುವುದು, ಭಾನುವಾರ ವಾರದ್ದನ್ನೆಲ್ಲ ಒಟ್ಟಿಗೆ ಓದುವುದು. ಮೊದಲ ಭಾನುವಾರ ಓದಿ ನನಗೇ ನಾಚಿಕೆಯಾಯಿತು. 'ನಡೆದೆ. ಬಿಸಿಲು.' 'ನಡೆದೆ. ಮೋಡ.' ಬುಧವಾರ ಖಾಲಿ, ಅಂದು ಶೂಟಿಂಗ್ ಇತ್ತು. ಎರಡನೆಯ ವಾರ ಬಹಳ ಪ್ರಯತ್ನಪಟ್ಟು ಸೂರ್ಯೋದಯವನ್ನು ವರ್ಣಿಸಿದೆ. ಅದು ಮೊದಲ ವಾರಕ್ಕಿಂತ ಕೆಟ್ಟದಾಗಿತ್ತು. ಮೂರನೆಯ ವಾರ ಒಂದು ದಿನ ಬರೆದದ್ದು ಇದು: 'ಇಸ್ತ್ರಿ ಗಾಡಿಯಾತ ಇದ್ದಿಲು ಹೊತ್ತಿಸುವ ಮೊದಲು, ಗಾಡಿಯ ಮೇಲೆ ಮಲಗಿದ್ದ ಬೆಕ್ಕನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕದ ಗೋಡೆಯ ಮೇಲೆ ಇಟ್ಟ. ಬೆಕ್ಕಿಗೆ ಎಚ್ಚರವಾಗಲಿಲ್ಲ.'

ಹನ್ನೊಂದು ವರ್ಷದಿಂದ ನಾನು ಆ ಗಾಡಿಯ ಮುಂದೆ ಹಾದುಹೋಗುತ್ತಿದ್ದೇನೆ. ದೊಡ್ಡದೇನನ್ನೋ ಕಂಡುಹಿಡಿದವನಂತೆ ಅಂದು ಸಂಜೆ ಹೆಂಡತಿಗೆ ಓದಿ ಹೇಳಿದೆ. 'ಅದರಲ್ಲೇನು ಹೊಸದು? ದಿನಾ ಹಾಗೇ ಎತ್ತಿಡ್ತಾನೆ. ಮಳೆಗಾಲದಲ್ಲಿ ಗೋಡೆ ಒದ್ದೆ ಅಂತ ಗೋಣಿಚೀಲ ಹಾಸಿ ಮಲಗಿಸ್ತಾನೆ' ಎಂದಳು ಅವಳು. ಆಮೇಲಿನ ವಾರಗಳಲ್ಲಿ ನೋಟ್‌ಬುಕ್ಕಿನ ಅರ್ಧಕ್ಕರ್ಧ ಅವಳು ಹೇಳಿದ ಸಂಗತಿಗಳಿಂದಲೇ ತುಂಬಿತು. ಯಾವ ಸಾಲು ಯಾರದೆಂದು ಅಂಚಿನಲ್ಲಿ ಗುರುತು ಹಾಕುವ ಅಭ್ಯಾಸ ಮಾಡಿಕೊಂಡಿದ್ದೇನೆ. ಏಕೆಂದು ಹೇಳುತ್ತೇನೆ.

1818ರ ಅಕ್ಟೋಬರ್ 7ರಂದು, ನಲವತ್ತಾರನೆಯ ವಯಸ್ಸಿನಲ್ಲಿ, ಡೊರೊತಿ ಸ್ನೇಹಿತೆಯೊಬ್ಬಳ ಜೊತೆ ಸ್ಕಾಫೆಲ್ ಪೈಕ್ ಶಿಖರವನ್ನು ಏರಿದಳು. 978 ಮೀಟರ್ ಎತ್ತರ. ಇಂಗ್ಲೆಂಡಿನಲ್ಲಿ ಅದೇ ಅತಿ ಎತ್ತರದ್ದು. ಆ ಕಾಲದಲ್ಲಿ ಹೆಂಗಸರು ಹಾಗೆ ಬೆಟ್ಟ ಹತ್ತುವುದು ತೀರ ಅಪರೂಪ. ಅದರ ವಿವರವನ್ನು ಒಂದು ಪತ್ರದಲ್ಲಿ ಬರೆದಳು. ಅಣ್ಣ ಬರೆದ ಸರೋವರ ಪ್ರಾಂತ್ಯದ ಪ್ರವಾಸ ಮಾರ್ಗದರ್ಶಿಯ 1822ರ ಆವೃತ್ತಿಯಲ್ಲಿ ಆ ವಿವರ ಅವಳ ಹೆಸರಿಲ್ಲದೆ ಸೇರಿತು. ಓದಿದವರು ಬೆಟ್ಟ ಹತ್ತಿದವನು ಕವಿಯೇ ಎಂದು ತಿಳಿದರು. ಅವಳು ಇದಕ್ಕಾಗಿ ನೊಂದಳೆಂದು ನಾನು ಹೇಳಲಾರೆ. ತಾನು ಲೇಖಕಿ ಎನಿಸಿಕೊಳ್ಳುವುದು ಅವಳಿಗೆ ಇಷ್ಟವೇ ಇರಲಿಲ್ಲ. ಆದರೂ, ಹತ್ತಿದ ಕಾಲುಗಳು ಅವಳವು.

ಆ ಕಾಲುಗಳು ಬಹಳ ದಿನ ನಡೆಯಲಿಲ್ಲ. 1829ರಲ್ಲಿ ಅವಳಿಗೆ ಕಾಯಿಲೆಯಾಯಿತು, ಮತ್ತೆ ಮೊದಲಿನ ಆರೋಗ್ಯ ಬರಲಿಲ್ಲ. 1832ರಲ್ಲಿ ರೋಗಶಯ್ಯೆಯಿಂದ ಅವಳೇ ಒಂದು ಕವಿತೆ ಬರೆದಳು. ಯಾರೋ ವಸಂತದ ಮೊದಲ ಹೂಗಳನ್ನು ಕೋಣೆಗೆ ತಂದಿದ್ದಾರೆ. ಅವನ್ನು ನೋಡುತ್ತ ಹಾಸಿಗೆಯಿಂದ ಏಳದೆಯೇ ಹಳೆಯ ಬೆಟ್ಟಗಳನ್ನೂ ನದಿಯ ದಡವನ್ನೂ ಮತ್ತೆ ನಡೆದು ಬಂದೆ ಎಂಬುದು ಅದರ ಭಾವ. ಅಣ್ಣನ ಪದ್ಯದಲ್ಲಿ ಮಂಚದ ಮೇಲೆ ಒರಗಿ ಹೂಗಳನ್ನು ನೆನೆಯುವವನು ಬೇಕೆಂದಾಗ ಎದ್ದು ಹೊರಗೆ ಹೋಗಬಲ್ಲವನು. ಇವಳು ಏಳಲಾಗದವಳು. 1835ರ ಹೊತ್ತಿಗೆ ಬುದ್ಧಿಯೂ ಮಸುಕಾಯಿತು. ಆಮೇಲೆ ಇಪ್ಪತ್ತು ವರ್ಷ ಗಾಲಿಕುರ್ಚಿಯಲ್ಲಿ ಕೂರಿಸಿ ತೋಟದಲ್ಲಿ ಸುತ್ತಾಡಿಸಬೇಕಾಯಿತು. 1850ರಲ್ಲಿ ಅಣ್ಣ ತೀರಿಕೊಂಡ, 1855ರ ಜನವರಿಯಲ್ಲಿ ಅವಳು.

ದಿನಚರಿ ಪುಸ್ತಕವಾಗಿ ಹೊರಬಂದದ್ದು 1897ರಲ್ಲಿ, ವಿಲಿಯಂ ನೈಟ್ ಎಂಬ ವಿದ್ವಾಂಸರ ಸಂಪಾದಕತ್ವದಲ್ಲಿ. ಅವರು ಅಣ್ಣನ ಕವಿತೆಗೆ ಸಂಬಂಧಪಟ್ಟದ್ದನ್ನೆಲ್ಲ ಇಟ್ಟುಕೊಂಡರು. ಅಂಗಿ ಹೊಲಿದದ್ದು, ಕಟ್ಟಿಗೆ ಆರಿಸಿದ್ದು, ಮೊಟ್ಟೆ ಹುಡುಕಿಕೊಂಡು ಹೋದದ್ದು ಇಂಥವನ್ನೆಲ್ಲ ಅಚ್ಚು ಹಾಕುವ ಅಗತ್ಯವಿಲ್ಲವೆಂದು ಕೈಬಿಟ್ಟರು. ಅಂಥ ಸಾಲುಗಳು ಅವುಗಳ ಜಾಗಕ್ಕೆ ಮರಳಿ ಬಂದದ್ದು 1941ರಲ್ಲಿ, ಅರ್ನೆಸ್ಟ್ ಡಿ ಸೆಲಿನ್‌ಕೋರ್ಟ್ ಎಂಬ ಮತ್ತೊಬ್ಬ ವಿದ್ವಾಂಸರು ಹಸ್ತಪ್ರತಿಗಳನ್ನು ಎದುರಿಗಿಟ್ಟುಕೊಂಡು ಹೊಸದಾಗಿ ಸಂಪಾದಿಸಿದಾಗ.